ಹತ್ತೊಂಬತ್ತು ಜನರ ನಡುವೆ ಒಂದು ಮೆಲುದನಿ

ಟ್ರಂಪೆಟ್ ಅಂದರೆ ನನಗೆ ಮೊದಲು ನೆನಪಾಗುವುದು ಮದುವೆ ಮೆರವಣಿಗೆ. ಚಿಕ್ಕವಯಸ್ಸಿನಲ್ಲಿ ಬೀದಿಗೆ ಬ್ಯಾಂಡ್ ಸೆಟ್ ಬಂತು ಅಂದರೆ ಊಟದ ತಟ್ಟೆ ಬಿಟ್ಟು ಓಡುತ್ತಿದ್ದೆ. ಕೆಂಪು ಕೋಟು, ಭುಜದ ಮೇಲೆ ಜರಿ ಕುಚ್ಚು, ತಲೆಯ ಮೇಲೆ ಹೊತ್ತ ಟ್ಯೂಬ್‌ಲೈಟುಗಳ ಬೆಳಕಲ್ಲಿ ಹೊಳೆಯುವ ಹಿತ್ತಾಳೆ. ಟ್ರಂಪೆಟ್ ಊದುವವನ ಕುತ್ತಿಗೆಯ ನರಗಳು ಹಗ್ಗದ ಹಾಗೆ ಎದ್ದಿರುತ್ತಿದ್ದವು. ಡ್ರಮ್ಮು, ಜನರೇಟರ್, ಪಟಾಕಿ, ಕುಣಿಯುವವರ ಕೇಕೆ, ಎಲ್ಲವನ್ನೂ ದಾಟಿ ಅವನ ದನಿ ಬೀದಿಯ ಕೊನೆಯ ಮನೆಗೆ ಮುಟ್ಟಬೇಕಿತ್ತು. ಮುಟ್ಟುತ್ತಿತ್ತು ಕೂಡ. ಹಾಗಾಗಿ ಟ್ರಂಪೆಟ್ ಎಂದರೆ ಗಟ್ಟಿ ವಾದ್ಯ ಅಂತಲೇ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

‘ಮೈಲ್ಸ್ ಅಹೆಡ್’ ಅನ್ನುವ ಜಾಝ್ ಆಲ್ಬಮ್ಮನ್ನು ನಾನು ಮೊದಲ ಸಲ ಕೇಳಿದ್ದು ರಾತ್ರಿ ಬಸ್ಸಿನಲ್ಲಿ, ಇಯರ್‌ಫೋನ್ ಹಾಕಿಕೊಂಡು. ಗೆಳೆಯನೊಬ್ಬ ಬಹಳ ಹೇಳಿದ್ದ. ನನಗೆ ಏನೂ ಹತ್ತಲಿಲ್ಲ. ಆಗಾಗ ಒಂದಷ್ಟು ಹಿತ್ತಾಳೆ ವಾದ್ಯಗಳು ಜೋರಾಗಿ ಎದ್ದವು, ಆಮೇಲೆ ಎಂಜಿನ್ ಸದ್ದಿನಲ್ಲಿ ಎಲ್ಲ ಮುಳುಗಿಹೋಯಿತು. ಅರ್ಧಕ್ಕೆ ನಿಲ್ಲಿಸಿ ಮಲಗಿದೆ.

ಎರಡನೇ ಸಲ ಕೇಳಿದ್ದು ಊರಿನ ಮನೆಯಲ್ಲಿ, ಮಳೆಗಾಲದಲ್ಲಿ. ಸಂಜೆಯೇ ಕರೆಂಟ್ ಹೋಗಿತ್ತು. ಫ್ಯಾನಿಲ್ಲ, ಫ್ರಿಜ್ಜಿನ ಗುಂಯ್ ಇಲ್ಲ, ಪಕ್ಕದ ಮನೆಯ ಟೀವಿ ಇಲ್ಲ. ಮಳೆಯೂ ಆಗತಾನೆ ನಿಂತು, ಹೆಂಚಿನ ತುದಿಯಿಂದ ಹನಿ ಬೀಳುತ್ತಿತ್ತು. ಫೋನಿನಲ್ಲಿ ಉಳಿದಿದ್ದ ಚಾರ್ಜಿನಲ್ಲಿ ಸುಮ್ನೆ ಹಾಕಿದೆ. ಆಗ ಕೇಳಿಸಿತು. ಅಷ್ಟು ಜನ ಸೇರಿ ಇಷ್ಟು ಮೆತ್ತಗೆ ನುಡಿಸಬಹುದು ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಡುವೆ ಒಬ್ಬ ಮನುಷ್ಯ ಹತ್ತಿರ ಕೂತು ಮಾತಾಡಿದ ಹಾಗೆ ಊದುತ್ತಿದ್ದ. ಸುತ್ತಲಿನವರು ಅವನ ಮಾತನ್ನು ಕಾಯುತ್ತಿದ್ದರು. ಅವತ್ತು ಆಲ್ಬಮ್ಮನ್ನು ಪೂರ್ತಿ ಕೇಳಿದೆ. ಮುಗಿದ ಮೇಲೆ ಮತ್ತೆ ಮೊದಲಿಂದ ಕೇಳಿದೆ. ಫೋನ್ ಆಫ್ ಆಯಿತು.

ಅಲ್ಲಿಂದ ಇಲ್ಲಿಯವರೆಗೆ ಇದನ್ನು ನಾನು ಬಿಟ್ಟಿಲ್ಲ. ಹತ್ತೊಂಬತ್ತು ಜನ ಸೇರಿ ಒಂದು ಮೆಲುದನಿಯನ್ನು ಕಾಪಾಡುವುದು ಹೇಗೆ ಅನ್ನುವುದು ನನ್ನನ್ನು ಕಾಡುತ್ತಲೇ ಇದೆ. ಅದನ್ನೇ ಇಲ್ಲಿ ಬರೆಯಬೇಕು ಅನ್ನಿಸಿತು.

ಹೆಸರಲ್ಲೇ ಒಂದು ಆಟವಿದೆ. ಮೈಲ್ಸ್ ಅಂದರೆ ಮೈಲಿಗಳು, ಮೈಲಿಗಟ್ಟಲೆ ಮುಂದೆ ಅಂತ ಅರ್ಥ. ಮೈಲ್ಸ್ ಅಂದರೆ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಕೂಡ. ಆಲ್ಬಮ್ ಬಂದಿದ್ದು 1957ರಲ್ಲಿ, ಅಮೆರಿಕದ ಕೊಲಂಬಿಯಾ ಎಂಬ ರೆಕಾರ್ಡ್ ಕಂಪನಿಯಿಂದ. ಕವರಿನ ಮೇಲೆ ‘ಮೈಲ್ಸ್ ಡೇವಿಸ್ ಪ್ಲಸ್ 19’ ಅಂತ ಬರೆದಿತ್ತು, ಜೊತೆಗೆ ಆ ಹತ್ತೊಂಬತ್ತು ಜನರನ್ನು ನಡೆಸಿದವನ ಹೆಸರು: ಗಿಲ್ ಇವಾನ್ಸ್. ನನ್ನ ಮಟ್ಟಿಗೆ ಇದು ಇಬ್ಬರ ಆಲ್ಬಮ್. ಒಬ್ಬ ಊದಿದ, ಇನ್ನೊಬ್ಬ ಊದಲು ಜಾಗ ಮಾಡಿಕೊಟ್ಟ.

ಗಿಲ್ ಹುಟ್ಟಿದ್ದು 1912ರಲ್ಲಿ, ಕೆನಡಾದ ಟೊರಾಂಟೋದಲ್ಲಿ. ಯಾವ ಸಂಗೀತ ಕಾಲೇಜಿಗೂ ಹೋದವನಲ್ಲ. ರೆಕಾರ್ಡ್ ಕೇಳಿ ಕೇಳಿ, ಲೈಬ್ರರಿಯಿಂದ ಯುರೋಪಿನ ಸಂಗೀತಗಾರರ ಸ್ಕೋರುಗಳನ್ನು, ಅಂದರೆ ಸ್ವರ ಬರೆದ ಹಾಳೆಗಳನ್ನು, ತಂದು ಓದಿ ಓದಿ ಕಲಿತ. 1940ರ ದಶಕದಲ್ಲಿ ಕ್ಲಾಡ್ ಥಾರ್ನ್‌ಹಿಲ್ ಎಂಬಾತನ ಬ್ಯಾಂಡಿಗೆ ಅರೇಂಜರ್ ಆಗಿದ್ದ. ಅರೇಂಜರ್ ಅಂದರೆ ಗೊತ್ತಿರುವ ಒಂದು ರಾಗವನ್ನು ತೆಗೆದುಕೊಂಡು, ಯಾವ ವಾದ್ಯ ಯಾವಾಗ ಏನು ನುಡಿಸಬೇಕು ಅಂತ ಒಂದೊಂದು ಸ್ವರವನ್ನೂ ಬರೆದು ಕೊಡುವವನು. ಆ ಬ್ಯಾಂಡಿನಲ್ಲಿ ಫ್ರೆಂಚ್ ಹಾರ್ನ್, ಟ್ಯೂಬಾ ಎಂಬ ಹಿತ್ತಾಳೆ ವಾದ್ಯಗಳು ಇದ್ದವು. ಬೇರೆ ಡ್ಯಾನ್ಸ್ ಬ್ಯಾಂಡುಗಳಲ್ಲಿ ಇವು ಇರುತ್ತಿರಲಿಲ್ಲ. ನಾದ ನಿಧಾನವಾಗಿ ಹರಡಿ ನಿಲ್ಲುತ್ತಿತ್ತು. ಗಿಲ್ ಮುಂದೆ ಅದನ್ನು ನೆನೆಸಿಕೊಳ್ಳುವಾಗ ಮೋಡಕ್ಕೆ ಹೋಲಿಸಿದ್ದ.

ನ್ಯೂಯಾರ್ಕಿನ 55ನೇ ಬೀದಿಯಲ್ಲಿ, ಒಂದು ಚೀನೀ ಲಾಂಡ್ರಿಯ ಹಿಂದೆ, ನೆಲಮಾಳಿಗೆಯಲ್ಲಿ ಅವನ ಕೋಣೆ. ತಲೆ ಮೇಲೆ ಕಟ್ಟಡದ ಕೊಳವೆಗಳು. ಒಂದು ಹಾಸಿಗೆ, ಒಂದು ಪಿಯಾನೋ, ರೆಕಾರ್ಡ್ ಪ್ಲೇಯರ್, ಒಂದು ಬೆಕ್ಕು. ಹೊತ್ತುಗೊತ್ತಿಲ್ಲದೆ ಜಾಝ್ ನುಡಿಸುವ ಜನ ಬಂದು ಹೋಗುತ್ತಿದ್ದರು. ಚಾರ್ಲಿ ಪಾರ್ಕರ್ ಬರುತ್ತಿದ್ದ, ಜೆರ್ರಿ ಮಲ್ಲಿಗನ್, ಜಾನ್ ಲೂಯಿಸ್ ಬರುತ್ತಿದ್ದರು. ಹಾಗೆ ಬಂದವರಲ್ಲಿ ಇಪ್ಪತ್ತೆರಡು ದಾಟದ ಮೈಲ್ಸ್ ಕೂಡ ಒಬ್ಬ. ಗಿಲ್ ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವನು. ಒಬ್ಬ ಬಿಳಿಯ, ಒಬ್ಬ ಕರಿಯ. ಆ ಕಾಲದ ಅಮೆರಿಕದಲ್ಲಿ ಇದು ಸಣ್ಣ ಮಾತಲ್ಲ. ಅವರ ಗೆಳೆತನ ಗಿಲ್ ಸಾಯುವವರೆಗೂ ಉಳಿಯಿತು.

ಆ ನೆಲಮಾಳಿಗೆಯ ಮಾತುಕತೆಯಿಂದಲೇ ಒಂಬತ್ತು ಜನರ ಒಂದು ತಂಡ ಹುಟ್ಟಿತು. 1948ರಲ್ಲಿ ರಾಯಲ್ ರೂಸ್ಟ್ ಕ್ಲಬ್ಬಿನಲ್ಲಿ ಕೆಲವು ದಿನ ನುಡಿಸಿದರು. ಕ್ಲಬ್ಬಿನ ಹೊರಗಿನ ಬೋರ್ಡಿನಲ್ಲಿ ಅರೇಂಜರುಗಳ ಹೆಸರನ್ನೂ ಹಾಕಿಸಬೇಕು ಅಂತ ಮೈಲ್ಸ್ ಹಟ ಹಿಡಿದ. ಆಗ ಯಾರೂ ಹಾಗೆ ಮಾಡುತ್ತಿರಲಿಲ್ಲ. ತೆರೆಯ ಹಿಂದೆ ಬರೆಯುವವನ ಕೆಲಸ ಏನು ಅಂತ ಅವನಿಗೆ ಅಷ್ಟು ಚಿಕ್ಕ ವಯಸ್ಸಿಗೇ ಗೊತ್ತಿತ್ತು ಅನ್ನುವುದು ನನಗೆ ಬಹಳ ಇಷ್ಟದ ಸಂಗತಿ. ತಂಡ ಹೆಚ್ಚು ದಿನ ನಡೆಯಲಿಲ್ಲ. 1949 ಮತ್ತು 1950ರಲ್ಲಿ ಮಾಡಿದ ರೆಕಾರ್ಡಿಂಗುಗಳೂ ಆಗ ಅಷ್ಟೇನೂ ಓಡಲಿಲ್ಲ. ಮುಂದೆ ‘ಬರ್ತ್ ಆಫ್ ದ ಕೂಲ್’ ಅನ್ನುವ ಹೆಸರಲ್ಲಿ ಒಟ್ಟಾಗಿ ಬಂದು ಪ್ರಸಿದ್ಧವಾದವು.

ನಡುವಿನ ವರ್ಷಗಳು ಮೈಲ್ಸ್‌ಗೆ ಕೆಟ್ಟವು. ಹೆರಾಯಿನ್ ಚಟ ಅಂಟಿತು. ಅದರಿಂದ ಹೊರಬಂದು, 1955ರ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ನುಡಿಸಿದ ಮೇಲೆ ಮತ್ತೆ ಎಲ್ಲರ ಕಣ್ಣಿಗೆ ಬಿದ್ದ. ಕೊಲಂಬಿಯಾದ ಜಾರ್ಜ್ ಅವಾಕಿಯನ್ ಅವನನ್ನು ತಮ್ಮ ಕಂಪನಿಗೆ ಸೇರಿಸಿಕೊಂಡ. ದೊಡ್ಡ ತಂಡದ ಜೊತೆ ಒಂದು ಎಲ್‌ಪಿ, ಅಂದರೆ ಎರಡು ಬದಿಯ ದೊಡ್ಡ ರೆಕಾರ್ಡ್, ಮಾಡೋಣ ಅನ್ನುವ ಮಾತು ಬಂದಾಗ ಮೈಲ್ಸ್ ಆರಿಸಿಕೊಂಡದ್ದು ಗಿಲ್‌ನನ್ನು. ಗಿಲ್‌ನ ಹೆಸರು ಆಗ ಹೊರಗಿನವರಿಗೆ ಅಷ್ಟಾಗಿ ಗೊತ್ತಿರಲಿಲ್ಲ.

ಇಲ್ಲಿ ಮೈಲ್ಸ್‌ನ ದನಿಯ ಬಗ್ಗೆ ಸ್ವಲ್ಪ ಹೇಳಬೇಕು. ಹುಡುಗನಾಗಿದ್ದಾಗ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಅವನಿಗೆ ಎಲ್ವುಡ್ ಬ್ಯುಕ್ಯಾನನ್ ಎಂಬ ಮೇಷ್ಟ್ರು ಇದ್ದರು. ಸ್ವರವನ್ನು ನಡುಗಿಸಬೇಡ, ನೇರವಾಗಿ ನಿಲ್ಲಿಸು, ವಯಸ್ಸಾದ ಮೇಲೆ ಹೇಗಿದ್ದರೂ ನಡುಗುತ್ತದೆ ಅಂತ ಹೇಳುತ್ತಿದ್ದರಂತೆ. ಆ ಪಾಠ ಮೈಲ್ಸ್‌ಗೆ ಕೊನೆಯವರೆಗೂ ಉಳಿಯಿತು. ಅವನ ಸ್ವರ ಬಂದು ಸುಮ್ಮನೆ ನಿಲ್ಲುತ್ತದೆ. ಅಲಂಕಾರ ಇಲ್ಲ. ಗಮಕದಲ್ಲಿ ಬೆಳೆದ ನಮ್ಮ ಕಿವಿಗೆ ಇದು ಮೊದಮೊದಲು ಬರಡು ಅನ್ನಿಸಬಹುದು. ನನಗೂ ಅನ್ನಿಸಿತ್ತು. ಕೇಳುತ್ತಾ ಹೋದ ಹಾಗೆ ಆ ನೇರ ಸ್ವರದ ಕೊನೆಯಲ್ಲಿ ಒಂದು ಚೂರು ಬಾಗುವಿಕೆ, ಒಂದು ಚೂರು ಉಸಿರಿನ ಸದ್ದು ಕೇಳಿಸತೊಡಗಿತು. ಹೇಳಬೇಕಾದ್ದೆಲ್ಲ ಅಲ್ಲಿದೆ.

ಮಾತಿನ ದನಿಯೂ ಹಾಗೇ ಆಗಿಹೋಗಿತ್ತು. ಗಂಟಲಿನ ಆಪರೇಷನ್ ಆದ ಮೇಲೆ, ಪೂರ್ತಿ ವಾಸಿಯಾಗುವ ಮುಂಚೆ ಯಾರ ಮೇಲೋ ಕೂಗಾಡಿ, ಜೀವನಪೂರ್ತಿ ಪಿಸುಮಾತಿನಲ್ಲೇ ಮಾತಾಡುವ ಹಾಗಾಯಿತು. ಈ ಆಲ್ಬಮ್ ಮಾಡುವ ಹೊತ್ತಿಗೆ ಅವನದು ಆಗಲೇ ಆ ಒಡಕು ದನಿ.

ಇಂಥ ದನಿಗೆ ದೊಡ್ಡ ಬ್ಯಾಂಡು ಹೊಂದುವುದೇ ಕಷ್ಟ. ಆ ಕಾಲದ ಬಿಗ್ ಬ್ಯಾಂಡ್ ಅಂದರೆ ಒಂದು ಕಡೆ ಟ್ರಂಪೆಟ್ಟುಗಳ ಸಾಲು, ಒಂದು ಕಡೆ ಟ್ರಾಂಬೋನುಗಳ ಸಾಲು, ಮುಂದೆ ಸ್ಯಾಕ್ಸೋಫೋನುಗಳ ಸಾಲು. ಒಂದು ಸಾಲು ಕೇಳಿದರೆ ಇನ್ನೊಂದು ಸಾಲು ಉತ್ತರ ಕೊಡುತ್ತದೆ. ಡ್ಯಾನ್ಸ್ ಹಾಲ್‌ನಲ್ಲಿ ನೂರಾರು ಜನ ಕುಣಿಯುವಾಗ ಕೇಳಿಸಬೇಕಲ್ಲ, ಆ ಲೆಕ್ಕಾಚಾರ. ನಮ್ಮ ಮದುವೆ ಬ್ಯಾಂಡಿನ ಕಷ್ಟವೂ ಅದೇ ತಾನೇ.

ಗಿಲ್ ಆ ಸಾಲುಗಳನ್ನೇ ಕಲಸಿಬಿಟ್ಟ. ಐದು ಟ್ರಂಪೆಟ್, ಟ್ರಾಂಬೋನುಗಳು, ಫ್ರೆಂಚ್ ಹಾರ್ನುಗಳು, ಒಂದು ಟ್ಯೂಬಾ, ಕೊಳಲು ಮತ್ತು ಕ್ಲಾರಿನೆಟ್ ಎರಡನ್ನೂ ನುಡಿಸುವ ಇಬ್ಬರು, ಒಂದು ಬಾಸ್ ಕ್ಲಾರಿನೆಟ್, ಒಂದೇ ಒಂದು ಆಲ್ಟೋ ಸ್ಯಾಕ್ಸೋಫೋನ್. ಹಿಂದೆ ಪಾಲ್ ಚೇಂಬರ್ಸ್‌ನ ಬಾಸ್, ಆರ್ಟ್ ಟೇಲರ್‌ನ ಡ್ರಮ್ಸ್. ಹೆಚ್ಚಿನ ಹಾಡುಗಳಲ್ಲಿ ಪಿಯಾನೋ ಕೂಡ ಇಲ್ಲ. ಗಿಲ್ ಕೊಳಲಿನ ಜೊತೆ ದನಿ ತಗ್ಗಿಸುವ ಮ್ಯೂಟ್ ಹಾಕಿದ ಟ್ರಂಪೆಟ್ಟನ್ನು ಕೂರಿಸುತ್ತಾನೆ, ಹಾರ್ನಿನ ಕೆಳಗೆ ಬಾಸ್ ಕ್ಲಾರಿನೆಟ್ಟನ್ನು ಹಾಸುತ್ತಾನೆ. ಯಾವುದು ಯಾವ ವಾದ್ಯ ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ಎರಡು ಬಣ್ಣ ಸೇರಿ ಮೂರನೆಯದೇ ಒಂದು ಹುಟ್ಟಿರುತ್ತದೆ. ಟ್ಯೂಬಾ ನುಡಿಸಿದ ಬಿಲ್ ಬಾರ್ಬರ್ ಹಳೆಯ ಒಂಬತ್ತು ಜನರ ತಂಡದಲ್ಲೂ ಇದ್ದವನು, ಆಲ್ಟೋ ನುಡಿಸಿದ ಲೀ ಕೊನಿಟ್ಜ್ ಕೂಡ. ಟ್ಯೂಬಾ ಅಂದರೆ ದಸರಾ ಮೆರವಣಿಗೆಯ ಪೊಲೀಸ್ ಬ್ಯಾಂಡಿನಲ್ಲಿ ಹೆಜ್ಜೆಗೆ ತಕ್ಕಂತೆ ದುಂ ದುಂ ಅನ್ನುವ ದೊಡ್ಡ ಹಿತ್ತಾಳೆ ಅಂತ ನಮಗೆ ಗೊತ್ತು. ಬಾರ್ಬರ್ ಅದರಲ್ಲಿ ರಾಗ ಹಾಡುತ್ತಾನೆ, ಬೇರೆಯವರ ಜೊತೆ ಓಡುತ್ತಾನೆ, ಎಲ್ಲೂ ಭಾರ ಅನ್ನಿಸುವುದಿಲ್ಲ.

ಹಿತ್ತಾಳೆ ವಾದ್ಯವನ್ನು ಮೆತ್ತಗೆ ಊದುವುದು ಜೋರಾಗಿ ಊದುವುದಕ್ಕಿಂತ ಕಷ್ಟ. ಗಾಳಿ ಕಡಿಮೆಯಾದರೆ ತುಟಿ ಸರಿಯಾಗಿ ಕಂಪಿಸುವುದಿಲ್ಲ, ಶ್ರುತಿ ಜಾರುತ್ತದೆ, ಸ್ವರ ಹೊರಡುವುದೇ ಅನುಮಾನ. ಒಬ್ಬನಿಗೇ ಹೀಗೆ. ಇನ್ನು ಹನ್ನೆರಡು ಹದಿಮೂರು ಜನ ಒಂದೇ ಕ್ಷಣಕ್ಕೆ, ಒಂದೇ ತೂಕದಲ್ಲಿ ಹೊರಡಬೇಕು ಅಂದರೆ? ನಿಧಾನದ ಹಾಡುಗಳನ್ನು ಕೇಳುವಾಗ ನನ್ನ ಗಮನ ಯಾವಾಗಲೂ ಆ ಹೊರಡುವ ಜಾಗಕ್ಕೆ ಹೋಗುತ್ತದೆ. ಸದ್ದು ಯಾವಾಗ ಶುರುವಾಯಿತು ಅನ್ನುವುದೇ ಗೊತ್ತಾಗದ ಹಾಗೆ ಶುರುವಾಗಿರುತ್ತದೆ.

ಮೈಲ್ಸ್ ಇಲ್ಲಿ ಟ್ರಂಪೆಟ್ ಹಿಡಿಯಲೇ ಇಲ್ಲ. ಆಲ್ಬಮ್ ಉದ್ದಕ್ಕೂ ಫ್ಲೂಗಲ್‌ಹಾರ್ನ್. ನೋಡಲು ದಪ್ಪಗಿನ ಟ್ರಂಪೆಟ್ಟಿನ ಹಾಗೇ ಇರುತ್ತದೆ, ಬೆರಳಿಡುವುದೂ ಹಾಗೇ. ಒಳಗಿನ ಕೊಳವೆ ಮಾತ್ರ ಊದುವ ತುದಿಯಿಂದ ಆ ಕಡೆಯ ಬಾಯಿಯವರೆಗೆ ಹೆಚ್ಚು ಅಗಲವಾಗುತ್ತಾ ಹೋಗುತ್ತದೆ. ಅದಕ್ಕೇ ಅದರ ದನಿಗೆ ಟ್ರಂಪೆಟ್ಟಿನ ಚೂಪಿಲ್ಲ. ಐದು ಟ್ರಂಪೆಟ್ಟುಗಳ ಮುಂದೆ ಇನ್ನೊಂದು ಟ್ರಂಪೆಟ್ ನಿಂತಿದ್ದರೆ ಬಣ್ಣ ಒಂದಕ್ಕೊಂದು ಅಂಟಿಕೊಳ್ಳುತ್ತಿತ್ತೋ ಏನೋ. ಫ್ಲೂಗಲ್‌ಹಾರ್ನ್ ಬೇರೆಯಾಗಿ ಕೇಳುತ್ತದೆ, ಆದರೂ ಅದೇ ಮನೆಯ ಮಗುವಿನ ಹಾಗೆ.

ರೆಕಾರ್ಡಿಂಗ್ ನಡೆದದ್ದು ನ್ಯೂಯಾರ್ಕಿನ ಪೂರ್ವ 30ನೇ ಬೀದಿಯ ಸ್ಟುಡಿಯೋದಲ್ಲಿ. ಅದು ಮೊದಲು ಚರ್ಚ್ ಆಗಿತ್ತು. ಕೊಲಂಬಿಯಾ ಅದನ್ನು ತೆಗೆದುಕೊಂಡು ಸ್ಟುಡಿಯೋ ಮಾಡಿತು. ಒಳಗಿನ ಸೂರು ಸುಮಾರು 100 ಅಡಿ ಎತ್ತರ. ಸಂಗೀತಗಾರರು ಆ ಸ್ಟುಡಿಯೋವನ್ನು ಚರ್ಚ್ ಅಂತಲೇ ಕರೆಯುತ್ತಿದ್ದರು. ಎತ್ತರದ ಸೂರಿನ ಕೆಳಗೆ ನಾದ ಎದ್ದು, ತಿರುಗಿ, ತಡವಾಗಿ ಇಳಿಯುತ್ತದೆ. ಹಳೆಯ ದೇವಸ್ಥಾನದ ನವರಂಗದಲ್ಲಿ ನಿಂತು ಒಂದು ಸಲ ಚಪ್ಪಾಳೆ ತಟ್ಟಿದವರಿಗೆ ಇದು ಗೊತ್ತಿರುತ್ತದೆ. ಈ ಆಲ್ಬಮ್ಮಿನಲ್ಲಿ ಸ್ವರ ನಿಂತ ಮೇಲೂ ಸ್ವಲ್ಪ ಹೊತ್ತು ಉಳಿಯುವ ಆ ಗಾಳಿ ಕೂಡ ರೆಕಾರ್ಡ್ ಆಗಿದೆ. ಕಟ್ಟಡ ಈಗ ಇಲ್ಲ, ಕೆಡವಿದರು.

1957ರ ಮೇ ತಿಂಗಳಲ್ಲಿ ನಾಲ್ಕು ದಿನ ಸೇರಿದರು: 6, 10, 23, 27. ಮೇ 13ಕ್ಕೆ ಗಿಲ್‌ಗೆ 45 ತುಂಬಿತು. ಮೇ 26ಕ್ಕೆ ಮೈಲ್ಸ್‌ಗೆ 31. ಮಾರನೇ ದಿನ ಕೊನೆಯ ಸೆಷನ್. ಇಬ್ಬರ ಹುಟ್ಟುಹಬ್ಬವೂ ಈ ಕೆಲಸದ ನಡುವೆಯೇ ಬಂದುಹೋಯಿತು ಅಂತ ತಾರೀಕುಗಳನ್ನು ಜೋಡಿಸಿ ನೋಡಿದಾಗ ಗೊತ್ತಾಗಿ ಖುಷಿಯಾಯಿತು.

ಒಟ್ಟು ಹತ್ತು ಹಾಡು. ಒಂದೊಂದೂ ಒಂದೊಂದು ಮನೆಯಿಂದ ಬಂದದ್ದು. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಸಂಗೀತಗಾರ ಲಿಯೋ ಡೆಲಿಬ್‌ನ ಒಂದು ಹಾಡಿದೆ. ಕುರ್ಟ್ ವೈಲ್ ನಾಟಕಕ್ಕೆ ಮಾಡಿದ ‘ಮೈ ಶಿಪ್’ ಇದೆ. ಡ್ಯೂಕ್ ಎಲಿಂಗ್ಟನ್‌ಗಾಗಿ ಡೇವ್ ಬ್ರೂಬೆಕ್ ಬರೆದ ‘ದ ಡ್ಯೂಕ್’ ಇದೆ. ಮೊದಲ ಹಾಡು ‘ಸ್ಪ್ರಿಂಗ್ಸ್‌ವಿಲ್’ ಜಾನ್ ಕಾರಿಸಿಯದು. ಅವನೂ ಹಳೇ ನೆಲಮಾಳಿಗೆಯ ಗೆಳೆಯ, ಇಲ್ಲಿ ಟ್ರಂಪೆಟ್ ಸಾಲಿನಲ್ಲೂ ಕೂತಿದ್ದ. ಗಿಲ್‌ನ ಸ್ವಂತದ್ದೂ ಒಂದಿದೆ, ‘ಬ್ಲೂಸ್ ಫಾರ್ ಪಾಬ್ಲೋ’. ಇಷ್ಟು ಬೇರೆ ಬೇರೆ ಹಾಡುಗಳ ನಡುವೆ ಗಿಲ್ ಸಣ್ಣ ಸಣ್ಣ ಸೇತುವೆಗಳನ್ನು ಬರೆದ. ಎಲ್‌ಪಿಯ ಒಂದು ಬದಿ ಹಾಕಿದರೆ ಐದು ಹಾಡುಗಳು ಎಲ್ಲೂ ನಿಲ್ಲದೆ ಒಂದೇ ಹರಿವಿನಲ್ಲಿ ಸಾಗುತ್ತವೆ. ಒಂದರ ಕೊನೆಯ ಸ್ವರ ಇನ್ನೊಂದರ ಬಾಗಿಲು. ‘ದ ಮೀನಿಂಗ್ ಆಫ್ ದ ಬ್ಲೂಸ್’ ಮುಗಿದು, ಟ್ರಾಂಬೋನ್ ವಾದಕ ಜೆ. ಜೆ. ಜಾನ್ಸನ್‌ನ ‘ಲೆಮೆಂಟ್’ ಶುರುವಾಗುವ ಜಾಗವನ್ನು ನಾನು ಬಹಳ ದಿನ ಗುರುತಿಸಿಯೇ ಇರಲಿಲ್ಲ. ಎರಡೂ ಸೇರಿ ಒಂದೇ ದೊಡ್ಡ ದುಃಖದ ಹಾಡು ಅಂದುಕೊಂಡಿದ್ದೆ. ಈಗಲೂ ಅವನ್ನು ಬೇರೆ ಮಾಡಿ ಕೇಳಲು ನನಗೆ ಮನಸ್ಸು ಬರುವುದಿಲ್ಲ.

ಒಂದೇ ಒಂದು ಹಾಡು ಕೇಳಲು ಸಮಯ ಇರುವವರಿಗೆ ನಾನು ‘ನ್ಯೂ ರುಂಬಾ’ ಹೇಳುತ್ತೇನೆ.

ಇದು ಅಹ್ಮದ್ ಜಮಾಲ್ ಎಂಬ ಪಿಯಾನೋ ವಾದಕನದು. ಶಿಕಾಗೋದಲ್ಲಿ ನುಡಿಸುತ್ತಿದ್ದ ಅವನ ಬಗ್ಗೆ ಮೈಲ್ಸ್‌ಗೆ ಮೊದಲು ಹೇಳಿದ್ದು ಅಕ್ಕ ಡೊರೊತಿ. ಜಮಾಲ್ ಸ್ವರ ಹಾಕುವುದಕ್ಕಿಂತ ಹೆಚ್ಚು ಜಾಗ ಬಿಡುತ್ತಿದ್ದ. ಎರಡು ಮಾತು ಆಡುತ್ತಾನೆ, ಸುಮ್ಮನಾಗುತ್ತಾನೆ. ಆ ಸುಮ್ಮನಿರುವಿಕೆಗೆ ಮೈಲ್ಸ್ ಮನಸೋತ. ಜಮಾಲ್ 1955ರಲ್ಲಿ ‘ನ್ಯೂ ರುಂಬಾ’ ರೆಕಾರ್ಡ್ ಮಾಡಿದಾಗ ಜೊತೆಗಿದ್ದವರು ಇಬ್ಬರೇ, ಗಿಟಾರಿಗೆ ರೇ ಕ್ರಾಫರ್ಡ್, ಬಾಸಿಗೆ ಇಸ್ರೇಲ್ ಕ್ರಾಸ್ಬಿ. ಡ್ರಮ್ಸ್ ಇಲ್ಲ.

ಗಿಲ್ ಆ ಮೂವರ ನುಡಿಸಾಣಿಕೆಯನ್ನೇ ತೆಗೆದುಕೊಂಡು ದೊಡ್ಡ ತಂಡಕ್ಕೆ ಬರೆದ. ಜಮಾಲ್‌ನ ಎರಡು ಕೈ ಮಾಡುತ್ತಿದ್ದ ಕೆಲಸವನ್ನು ಹಿತ್ತಾಳೆಗೂ ಕೊಳಲಿಗೂ ಹಂಚಿದ. ಪಿಯಾನೋ ಮಾತ್ರ ಇಟ್ಟುಕೊಳ್ಳಲಿಲ್ಲ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ಮೂರು ಜನ ನುಡಿಸಿದ್ದನ್ನು ಇಪ್ಪತ್ತು ಜನ ನುಡಿಸಿದರೆ ಜಾಗ ತುಂಬಿಹೋಗಬೇಕಲ್ವಾ? ತುಂಬಿಲ್ಲ. ಜಮಾಲ್ ಬಿಟ್ಟಿದ್ದ ಖಾಲಿ ಜಾಗಗಳು ಇಲ್ಲೂ ಹಾಗೇ ಇವೆ. ಮೈಲ್ಸ್ ಒಂದು ಪುಟ್ಟ ಮಾತು ಹೇಳುತ್ತಾನೆ. ಇಡೀ ತಂಡ ಅಷ್ಟೇ ಪುಟ್ಟದಾಗಿ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಮತ್ತೆ ಅವನು, ಮತ್ತೆ ಇವರು. ಅಷ್ಟು ಜನ ವಾದ್ಯವನ್ನು ತುಟಿಗೆ ಹಿಡಿದುಕೊಂಡು, ಗಾಳಿ ಎಳೆದುಕೊಂಡು, ಊದದೆ ಕೂತಿರುವ ಆ ಕ್ಷಣ ಇದೆಯಲ್ಲ, ಅದು ಒಬ್ಬನೇ ಸುಮ್ಮನಿರುವುದಕ್ಕಿಂತ ಬಹಳ ಬೇರೆ. ಕಚೇರಿಯಲ್ಲಿ ಹಾಡುವವರು ಒಂದು ಸ್ವರದ ಮೇಲೆ ನಿಂತಾಗ ಪಿಟೀಲಿನವರು ಕಮಾನು ಎತ್ತಿ ಕಾಯುತ್ತಾರೆ, ಮೃದಂಗದ ಕೈ ಗಾಳಿಯಲ್ಲೇ ನಿಂತಿರುತ್ತದೆ. ಪಕ್ಕವಾದ್ಯದವರು ಎಂಥವರು ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಗಿಲ್ ಇಲ್ಲಿ ಹತ್ತೊಂಬತ್ತು ಜನರಿಗೆ ಆ ಕಾಯುವಿಕೆಯನ್ನು ಕಾಗದದ ಮೇಲೆ ಬರೆದುಕೊಟ್ಟಿದ್ದಾನೆ.

ಹಾಗಂತ ಇಡೀ ಆಲ್ಬಮ್ ಪಿಸುಮಾತಲ್ಲ. ‘ಸ್ಪ್ರಿಂಗ್ಸ್‌ವಿಲ್’ ಶುರುವಾಗುವುದೇ ಜೋರಾಗಿ, ಬಾಗಿಲು ದಡಾರನೆ ತೆರೆದ ಹಾಗೆ. ಮೊದಲು ಇವರಿಗೆ ಎಷ್ಟು ಕಸುವಿದೆ ಅಂತ ತೋರಿಸಿಬಿಡುತ್ತಾರೆ. ಆಮೇಲೆ ಮೈಲ್ಸ್ ಬಂದಾಗ ಅವರು ಹಿಂದೆ ಸರಿಯುವುದು ಕೈಲಾಗದೆ ಅಲ್ಲ ಅಂತ ನಮಗೆ ಗೊತ್ತಿರುತ್ತದೆ. ಬಸ್ಸಿನಲ್ಲಿ ನನಗೆ ಕೇಳಿಸಿದ್ದು ಆ ಜೋರು ಜಾಗಗಳು ಮಾತ್ರ.

ಇನ್ನು ಆಗಸ್ಟ್ 22. ಈ ದಿನದ ಬಗ್ಗೆ ತಿಳಿದಾಗ ನನಗೆ ಆಲ್ಬಮ್ ಮತ್ತೆ ಹೊಸದಾಗಿ ಕೇಳಿಸಿತು.

ಮೇ ತಿಂಗಳ ಸೆಷನ್‌ಗಳಲ್ಲಿ ಗಿಲ್‌ನ ಸ್ಕೋರು ಬಹಳ ಕಷ್ಟದ್ದಾಗಿತ್ತು. ತಂಡ ಸರಿಯಾಗಿ ಬಂದ ಟೇಕಿನಲ್ಲಿ, ಅಂದರೆ ಒಂದು ಸಲದ ರೆಕಾರ್ಡಿಂಗಿನಲ್ಲಿ, ಮೈಲ್ಸ್‌ನ ಭಾಗ ಅವನಿಗೆ ಬೇಕಾದ ಹಾಗೆ ಬರದಿದ್ದರೆ, ಅದಕ್ಕಾಗಿ ಇಡೀ ತಂಡವನ್ನು ಮತ್ತೆ ಮತ್ತೆ ನುಡಿಸುವುದು ಆಗದ ಮಾತು. ಹಾಗಾಗಿ ಆಗಸ್ಟಿನಲ್ಲಿ ಮೈಲ್ಸ್ ಸ್ಟುಡಿಯೋಗೆ ಬಂದು, ಟೇಪಿನಲ್ಲಿದ್ದ ತಂಡವನ್ನು ಕೇಳುತ್ತಾ ಕೆಲವು ಭಾಗಗಳನ್ನು ಹೊಸದಾಗಿ ನುಡಿಸಿದ. ಹಳೆಯ ಟೇಪಿನ ಮೇಲೆ ಹೊಸ ಫ್ಲೂಗಲ್‌ಹಾರ್ನ್. ಇವತ್ತು ಇದು ದಿನನಿತ್ಯದ ಕೆಲಸ. ಸಿನಿಮಾ ಹಾಡುಗಳಲ್ಲಂತೂ ಗಾಯಕರು ವಾದ್ಯದವರ ಮುಖವನ್ನೇ ನೋಡಿರುವುದಿಲ್ಲ. ಆದರೆ ಆಗಿನ ಜಾಝ್‌ನಲ್ಲಿ ಎಲ್ಲರೂ ಒಟ್ಟಿಗೆ ಕೂತು ಆ ಕ್ಷಣದಲ್ಲಿ ನುಡಿಸುವುದೇ ಪ್ರಾಣ ಅಂತ ನಂಬಿಕೆ ಇತ್ತು. ಇದನ್ನು ಒಪ್ಪದವರು ಈಗಲೂ ಇದ್ದಾರೆ.

ನನಗೆ ಅದು ಮೋಸ ಅನ್ನಿಸುವುದಿಲ್ಲ. ನಾನು ಆ ಕೋಣೆಯನ್ನು ಕಲ್ಪಿಸಿಕೊಳ್ಳುತ್ತೇನೆ. ಎತ್ತರದ ಸೂರು, ಖಾಲಿ ನೆಲ. ಮೇ ತಿಂಗಳಲ್ಲಿ ಅಷ್ಟು ಜನ ಕೂತಿದ್ದ ಜಾಗದಲ್ಲಿ ಕುರ್ಚಿಗಳು. ಅವನ ಕಿವಿಯಲ್ಲಿ ಅವರೆಲ್ಲ ಇದ್ದಾರೆ. ಅವರು ಮೂರು ತಿಂಗಳ ಹಿಂದೆ ಅವನಿಗೋಸ್ಕರ ಬಿಟ್ಟ ಜಾಗಗಳು ಹಾಗೇ ಇವೆ, ಅವನು ಬಂದು ತುಂಬಬೇಕು. ಅಷ್ಟು ಜನರ ಆಲ್ಬಮ್ಮಿನಲ್ಲಿ ಅವನ ದನಿ ಅಷ್ಟು ಒಂಟಿಯಾಗಿ ಯಾಕೆ ಕೇಳುತ್ತದೆ ಅಂತ ನಾನು ಯೋಚಿಸುತ್ತಿದ್ದೆ. ಕೆಲವು ಕಡೆ ಅವನು ನಿಜವಾಗಿಯೂ ಒಂಟಿಯಾಗಿದ್ದ.

ಮೈಲ್ಸ್ ಮತ್ತು ಗಿಲ್ ಕೊಲಂಬಿಯಾಗೆ ಮಾಡಿದ ಸ್ಟುಡಿಯೋ ರೆಕಾರ್ಡಿಂಗುಗಳೆಲ್ಲ 1996ರಲ್ಲಿ ಆರು ಸಿಡಿಗಳ ಪೆಟ್ಟಿಗೆಯಲ್ಲಿ ಬಂದವು. ಅದರಲ್ಲಿ ರಿಹರ್ಸಲ್‌ಗಳೂ ಅರ್ಧಕ್ಕೆ ನಿಂತ ಟೇಕ್‌ಗಳೂ ಇವೆ. ಜಾಸ್ತಿ ಹಚ್ಚಿಕೊಂಡವರಿಗೆ ಅದು ನಿಧಿ. ಹೊಸಬರು ಮೊದಲ ಆಲ್ಬಮ್ಮಿನಿಂದಲೇ ಶುರುಮಾಡುವುದು ಒಳ್ಳೆಯದು.

ಕವರಿನ ಕತೆಯನ್ನೂ ಹೇಳಿಬಿಡುತ್ತೇನೆ, ಅದು ನೋವಿನ ಕತೆ. ಆಲ್ಬಮ್ ಮೊದಲು ಬಂದಾಗ ಮುಖಪುಟದಲ್ಲಿ ಇದ್ದದ್ದು ಹಾಯಿದೋಣಿಯ ಮೇಲೆ ಕೂತ ಒಬ್ಬ ಬಿಳಿಯ ಹೆಂಗಸು ಮತ್ತು ಒಂದು ಮಗು. ಮೈಲ್ಸ್‌ಗೆ ಸಿಟ್ಟು ಬಂತು. ನನ್ನ ಸಂಗೀತದ ಮೇಲೆ ಈ ಬಿಳಿ ಹೆಂಗಸು ಯಾಕೆ ಅಂತ ಒರಟು ಮಾತಿನಲ್ಲೇ ಕೇಳಿದ. ಮುಂದಿನ ಮುದ್ರಣಗಳಲ್ಲಿ ಅದನ್ನು ತೆಗೆದು ಮೈಲ್ಸ್‌ನ ಫೋಟೋ ಹಾಕಿದರು. ಅದೇ 1957ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲಿಟಲ್ ರಾಕ್ ಊರಿನ ಬಿಳಿಯರ ಹೈಸ್ಕೂಲಿಗೆ ಒಂಬತ್ತು ಕರಿಯ ಮಕ್ಕಳು ಕಾಲಿಡಲು ಸೈನ್ಯ ಬರಬೇಕಾಯಿತು. ಅದನ್ನು ನೆನೆಸಿಕೊಂಡರೆ ಅವನ ಸಿಟ್ಟು ಎಲ್ಲಿಂದ ಬಂತು ಅಂತ ವಿವರಿಸುವ ಅಗತ್ಯ ಇಲ್ಲ. ಇಷ್ಟು ಮೃದುವಾಗಿ ಊದಿದವನು ಇಷ್ಟು ಸಿಟ್ಟಿನ ಮನುಷ್ಯ ಹೇಗಾದ ಅಂತ ಕೆಲವರು ಕೇಳುತ್ತಾರೆ. ನನಗೆ ಆ ಎರಡೂ ಒಂದೇ ಮನುಷ್ಯನಲ್ಲಿ ಇರುವುದು ಸಹಜ ಅನ್ನಿಸುತ್ತದೆ. ಮೆತ್ತಗೆ ಮಾತಾಡಿದರೂ ತನ್ನ ಮಾತನ್ನು ಇನ್ನೊಬ್ಬರು ಮುಚ್ಚಬಾರದು ಅಂತ ಅವನಿಗಿತ್ತು.

ಇಬ್ಬರೂ ಮುಂದೆ ‘ಪೋರ್ಗಿ ಅಂಡ್ ಬೆಸ್’ ಮಾಡಿದರು, ಆಮೇಲೆ 1960ರಲ್ಲಿ ‘ಸ್ಕೆಚಸ್ ಆಫ್ ಸ್ಪೇನ್’. ಎರಡೂ ಇದಕ್ಕಿಂತ ಹೆಚ್ಚು ಜನಕ್ಕೆ ಗೊತ್ತು. ‘ಸ್ಕೆಚಸ್’ ದೊಡ್ಡ ಕೆಲಸ ಅನ್ನುವುದರಲ್ಲಿ ಅನುಮಾನ ಇಲ್ಲ. ಆದರೂ ನನಗೆ ‘ಮೈಲ್ಸ್ ಅಹೆಡ್’ ಇನ್ನೂ ಹತ್ತಿರ. ಅದರಲ್ಲಿ ಇಬ್ಬರು ಗೆಳೆಯರು ತಮ್ಮಿಂದ ಇದು ಸಾಧ್ಯ ಅಂತ ಮೊದಲ ಸಲ ಕಂಡುಕೊಂಡ ಸಂತೋಷ ಇದೆ. ಹಣದ ವಿಷಯದಲ್ಲಿ ಗಿಲ್‌ಗೆ ಇವುಗಳಿಂದ ಸಿಕ್ಕಿದ್ದು ಕಡಿಮೆ. ಅರೇಂಜರಿಗೆ ಒಂದು ಸಲದ ಸಂಬಳ ಕೊಟ್ಟು ಮುಗಿಸುತ್ತಿದ್ದರು. ರೆಕಾರ್ಡ್ ಎಷ್ಟು ವರ್ಷ ಮಾರಾಟವಾದರೂ ಅವನಿಗೆ ಪಾಲಿರಲಿಲ್ಲ. ಇದನ್ನು ಯೋಚಿಸಿದರೆ ಇವತ್ತಿಗೂ ನನಗೆ ಬೇಜಾರಾಗುತ್ತದೆ.

ಗಿಲ್ 1988ರ ಮಾರ್ಚಿನಲ್ಲಿ ಮೆಕ್ಸಿಕೋದಲ್ಲಿ ತೀರಿಕೊಂಡ.

ಮೈಲ್ಸ್ ಹಿಂದೆ ತಿರುಗಿ ನೋಡುವವನಲ್ಲ. ಹಳೆಯ ಹಾಡು ನುಡಿಸಿ ಅಂತ ಯಾರು ಕೇಳಿದರೂ ಒಪ್ಪುತ್ತಿರಲಿಲ್ಲ. ಆದರೆ 1991ರ ಜುಲೈ 8ರಂದು, ಸ್ವಿಟ್ಜರ್ಲೆಂಡಿನ ಮಾಂಟ್ರೋ ಜಾಝ್ ಉತ್ಸವದಲ್ಲಿ, ಸಂಗೀತ ನಿರ್ಮಾಪಕ ಕ್ವಿನ್ಸಿ ಜೋನ್ಸ್ ಒತ್ತಾಯಕ್ಕೆ ಗಿಲ್ ಬರೆದ ಈ ಹಾಡುಗಳನ್ನು ಮತ್ತೆ ನುಡಿಸಲು ನಿಂತ. ‘ಸ್ಪ್ರಿಂಗ್ಸ್‌ವಿಲ್’, ‘ಮೈ ಶಿಪ್’, ‘ಬ್ಲೂಸ್ ಫಾರ್ ಪಾಬ್ಲೋ’, ಎಲ್ಲ ಇದ್ದವು. ಅವನಿಗೆ ಆಗ 65. ಆರೋಗ್ಯ ಚೆನ್ನಾಗಿರಲಿಲ್ಲ. ರಿಹರ್ಸಲ್‌ನಲ್ಲಿ ಅವನ ಭಾಗವನ್ನು ನುಡಿಸಲು ವಾಲೆಸ್ ರೋನಿ ಎಂಬ ಯುವಕ ಬಂದಿದ್ದ. ಕಾರ್ಯಕ್ರಮದಲ್ಲೂ ನನ್ನ ಪಕ್ಕದಲ್ಲೇ ನಿಂತು ನುಡಿಸು ಅಂತ ಮೈಲ್ಸ್ ಅವನಿಗೆ ಹೇಳಿದ. ಅದರ ವಿಡಿಯೋ ಇದೆ. ಮೈಲ್ಸ್ ಬಿಟ್ಟ ಕಡೆ ರೋನಿ ಎತ್ತಿಕೊಳ್ಳುತ್ತಾನೆ, ಮತ್ತೆ ಮೈಲ್ಸ್ ಹಿಡಿಯುತ್ತಾನೆ. ಮೈಲ್ಸ್‌ನ ಸ್ವರ ಕೆಲವು ಕಡೆ ಒಡೆಯುತ್ತದೆ, ನಡುಗುತ್ತದೆ. ಮೇಷ್ಟ್ರು ಹೇಳಿದ್ದ ವಯಸ್ಸು ಬಂದಿತ್ತು. ಅವನ ಹಿಂದೆ ತುಂಬಿದ ವೇದಿಕೆ, 1957ರಲ್ಲಿ ಇದ್ದದ್ದಕ್ಕಿಂತ ದೊಡ್ಡ ತಂಡ. ಎರಡೂವರೆ ತಿಂಗಳಾದ ಮೇಲೆ, ಸೆಪ್ಟೆಂಬರ್ 28ಕ್ಕೆ ಅವನು ಹೋಗಿಬಿಟ್ಟ.

ಅವತ್ತು ಹಿಂದಿನ ಟ್ರಂಪೆಟ್ ಸಾಲಿನಲ್ಲಿ ಗಿಲ್‌ನ ಮಗನೂ ಇದ್ದ. ಗಿಲ್ ಅವನಿಗೆ ಇಟ್ಟ ಹೆಸರು ಮೈಲ್ಸ್.